ಒಸಡಿನ ರಕ್ತ ಹೇಳುವ ಮಾತು

"ವಯಸ್ಸಾಯಿತು, ಹಲ್ಲು ಬಿತ್ತು" ಎನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಎಷ್ಟೋ ಹಲ್ಲುಗಳು ಬೀಳುವುದು ವಯಸ್ಸಿನಿಂದಲ್ಲ, ಒಸಡಿನ ರೋಗದಿಂದ. ಅದರ ಮೊದಲ ಸೂಚನೆಯೇ ಹಲ್ಲುಜ್ಜುವಾಗ ಕಾಣುವ ರಕ್ತ. ಅದನ್ನು ಕಂಡು ಕೆಲವರು ಆ ಭಾಗವನ್ನು ಮುಟ್ಟದೆ ಬಿಡುತ್ತಾರೆ. ಕೆಲವರು ಇದ್ದಿಲು, ಉಪ್ಪು ಹಾಕಿ ಬಲವಾಗಿ ತಿಕ್ಕುತ್ತಾರೆ. ಎರಡೂ ತಪ್ಪು.

ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿದ ಪ್ರಯೋಗವೊಂದು 1965ರಲ್ಲಿ ಪ್ರಕಟವಾಯಿತು. ಆರೋಗ್ಯವಾದ ಒಸಡಿನ 12 ಮಂದಿ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರ ಒಸಡೂ ಬಾತುಕೊಂಡಿತು. ಮತ್ತೆ ಉಜ್ಜತೊಡಗಿದ ಸುಮಾರು ಒಂದು ವಾರದಲ್ಲಿ ಗುಣವಾಯಿತು. ಹಲ್ಲಿನ ಬುಡದಲ್ಲಿ ಸೂಕ್ಷ್ಮಜೀವಿಗಳು ಕಟ್ಟುವ ಅಂಟುಪೊರೆಯೇ ಈ ಬಾಧೆಗೆ ಮೂಲ.

ಆದುದರಿಂದ ರಕ್ತ ಕಂಡ ಕಡೆಯೇ ಹೆಚ್ಚು ಗಮನ ಬೇಕು. ಮೆದುವಾದ ಬ್ರಷ್ಷನ್ನು ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಹಗುರವಾಗಿ 2 ನಿಮಿಷ ಉಜ್ಜಿರಿ. ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿಯದನ್ನು ತಪ್ಪಿಸಲಾಗದು. ಗಟ್ಟಿಯಾಗಿ ಕಲ್ಲುಕಟ್ಟಿದ ಕಿಟ್ಟವನ್ನು ಮಾತ್ರ ದಂತವೈದ್ಯರೇ ತೆಗೆಯಬೇಕು. ಎರಡು ವಾರದಲ್ಲಿ ರಕ್ತ ನಿಲ್ಲದಿದ್ದರೆ ಅವರನ್ನು ಕಾಣಿರಿ. ವಯಸ್ಸನ್ನು ದೂರುವ ಮೊದಲು ಒಸಡನ್ನು ನೋಡಿಕೊಳ್ಳೋಣ.