ಕಬ್ಬಿನ ಹೊಲದ ಮೇಲೆ ಹಾರಿದ ವಿಮಾನ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೀಯ, ಮಕ್ಕಳಿಗೆ ನಾಲ್ಕು ಒಳ್ಳೆಯ ಮಾತು ಹೇಳು’ ಎಂದು ಗುರುಗಳು ಆಜ್ಞೆ ಮಾಡಿದರು. ಬರೀ ಮಾತಿಗಿಂತ ಏನಾದರೂ ತೋರಿಸೋಣವೆಂದು ನಾನು ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದೆ. ರಿಮೋಟಿನಿಂದ ಹಾರಿಸುವ ಫೋಮಿನ ವಿಮಾನದ ಕಿಟ್ ಅದು. ಕಳೆದ ಮೂರು ದಿನ ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳೊಡನೆ ವಿಜ್ಞಾನ ಪ್ರಯೋಗಾಲಯದಲ್ಲಿ ಕುಳಿತು ಅದನ್ನು ಜೋಡಿಸಿದೆ. ಕಲಿಸಲು ಬಂದವನು ಕಲಿತು ಹೊರಟಿದ್ದೇನೆ. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ನಮ್ಮ ಕಾಲದಲ್ಲಿ ವಿಮಾನದ ಸದ್ದು ಕೇಳಿದರೆ ಇಡೀ ತರಗತಿ ಕಿಟಕಿಗೆ ಓಡುತ್ತಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಊರುಗಳು ನೀರಿನಲ್ಲಿ ನಿಂತಾಗ ಮಕ್ಕಳು ಹೆಲಿಕಾಪ್ಟರನ್ನು ಭಯದಲ್ಲೂ ಆಸೆಯಲ್ಲೂ ನೋಡಿದರು. ಆಕಾಶ ನಮಗೆ ದೂರದ್ದೆಂದು ತಿಳಿಯಬೇಕಿಲ್ಲ. ಸಾಂಬ್ರಾದಲ್ಲಿ ವಾಯುಸೇನೆಯ ತರಬೇತಿ ಶಾಲೆಯಿದೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ದೊಡ್ಡ ವಿಮಾನಗಳ ಬಿಡಿಭಾಗಗಳು ತಯಾರಾಗುತ್ತವೆ. ಇನ್ನೊಂದು ಸಂಗತಿ ಕೇಳಿ: 1940ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದ ವಾಲಚಂದ ಹೀರಾಚಂದರು ನಮ್ಮ ಪಕ್ಕದ ಸೋಲಾಪುರದಲ್ಲಿ ಹುಟ್ಟಿದವರು, ಸಕ್ಕರೆ ಕಾರ್ಖಾನೆಗಳನ್ನು ನಡೆಸಿದವರು. ಕಬ್ಬಿಗೂ ವಿಮಾನಕ್ಕೂ ನಂಟು ಹಳೆಯದು.

ಇನ್ನು ನಮ್ಮ ಪೆಟ್ಟಿಗೆಗೆ ಬರೋಣ. ಒಳಗಿದ್ದದ್ದು ಸುಮಾರು ನಾಲ್ಕು ಅಡಿ ಅಗಲದ ಫೋಮಿನ ರೆಕ್ಕೆ, ಅದರೊಳಗೆ ಬೆನ್ನೆಲುಬಿನಂತೆ ಕೂಡುವ ಕಾರ್ಬನ್ ಕಡ್ಡಿ, ಬಾಲ, ಬೆರಳುದ್ದದ ಮೋಟರ್, ಅದಕ್ಕೆ ವಿದ್ಯುತ್ತನ್ನು ಅಳೆದು ಕೊಡುವ ಇಎಸ್‌ಸಿ ಎಂಬ ಪಟ್ಟಿ, ರೆಕ್ಕೆ ಬಾಲದ ತುದಿಪಟ್ಟಿಗಳನ್ನು ಅಲ್ಲಾಡಿಸುವ ನಾಲ್ಕು ಸರ್ವೋಗಳು. ಒಂದೊಂದು ಸರ್ವೋ ಒಂಬತ್ತು ಗ್ರಾಂ ಅಷ್ಟೇ. ಮೂರು ಸೆಲ್‌ಗಳ, 11.1 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ ಬೇರೆ.

ಮೊದಲ ಪಾಠ ಅಂಟಿನದು. ಹುಡುಗರು ಅಂಗಡಿಯಿಂದ ತಟ್ಟನೆ ಅಂಟುವ ಸಣ್ಣ ಟ್ಯೂಬು ತಂದರು. ಹಚ್ಚುವ ಮೊದಲು ಟಿವಿ ಡಬ್ಬಿಯ ಥರ್ಮೋಕೋಲ್ ಚೂರಿನ ಮೇಲೆ ಒಂದು ಹನಿ ಹಾಕಿಸಿದೆ. ಹನಿ ಬಿದ್ದಲ್ಲಿ ಕರಗಿ ಗುಳಿ ಬಿತ್ತು. ಆಮೇಲೆ ಬಿಸಿ ಅಂಟಿನ ಗನ್ನನ್ನೇ ಬಳಸಿದೆವು. ಬ್ಯಾಟರಿಯನ್ನು ಕಣ್ಣೆದುರಿಗೇ ಚಾರ್ಜ್ ಮಾಡಬೇಕು, ಉಬ್ಬಿದ ಬ್ಯಾಟರಿಯನ್ನು ಮುಟ್ಟಬಾರದು, ಪ್ರೊಪೆಲರ್ ಹಾಕಿಕೊಂಡು ಮೋಟರ್ ಪರೀಕ್ಷೆ ಮಾಡಬಾರದು: ಈ ಮೂರನ್ನು ಹಲಗೆಯ ಮೇಲೆ ಬರೆಸಿದೆ.

ಹಾಗಾಗಿ ಮೋಟರಿನ ದಂಡಕ್ಕೆ ಪ್ರೊಪೆಲರ್ ಬದಲು ಕಾಗದದ ಪಟ್ಟಿ ಅಂಟಿಸಿ ತಿರುಗಿಸಿದೆವು. ಅದು ಉಲ್ಟಾ ತಿರುಗಿತು. ಹಾಗೇ ಬಿಟ್ಟರೆ ವಿಮಾನ ಮುಂದೆ ಹೋಗುವುದಿಲ್ಲ. ರಿಮೋಟಿನಲ್ಲಿ ಏನೋ ಸೆಟ್ಟಿಂಗ್ ತಪ್ಪಿದೆಯೆಂದು ನಾನು ಲ್ಯಾಪ್‌ಟಾಪ್ ತೆಗೆದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಸರ್, ಮೂರರಾಗ ಯಾವ್ದರ ಎರಡು ವಾಯರ್ ಅದಲು ಬದಲು ಮಾಡ್ರಿ, ಸೀದಾ ತಿರಗತೈತಿ.”

ಮಾಡಿದೆವು. ಸೀದಾ ತಿರುಗಿತು! “ನಿನಗ ಹೆಂಗ ಗೊತ್ತಪಾ?” ಎಂದೆ.

“ನಮ್ಮಪ್ಪಂದು ಮೋಟರ್ ವೈಂಡಿಂಗ್ ಅಂಗಡಿ ಐತ್ರಿ. ಪಂಪ್ ಉಲ್ಟಾ ತಿರುಗಿ ನೀರು ಎತ್ತದಿದ್ರ ಅಪ್ಪ ಹಂಗ ಮಾಡ್ತಾನ್ರಿ.” ಸ್ವಲ್ಪ ತಡೆದು ಅವನೇ ಕೇಳಿದ: “ಆದ್ರ ಹಂಗ ಮಾಡಿದ್ರ ಯಾಕ ಸೀದಾ ತಿರಗತೈತ್ರಿ? ಅಪ್ಪನ್ನ ಕೇಳಿದ್ರ, ಅದು ಹಂಗ ಅಂತಾನ್ರಿ.”

ಸ್ನೇಹಿತರೇ, ನಾನು ಬಿ.ಇ. ಮುಗಿಸಿದವನು. ಮೊದಲ ವರ್ಷದಲ್ಲಿ ವಿದ್ಯುತ್ತಿನ ಈ ಪಾಠವನ್ನು ಓದಿ ಅಂಕ ತೆಗೆದವನು. ಆ ಹುಡುಗನ ಪ್ರಶ್ನೆಗೆ ಆ ಕ್ಷಣ ನನ್ನ ಬಾಯಿಂದ ಉತ್ತರ ಬರಲಿಲ್ಲ. “ನಾಳೆ ಹೇಳ್ತೀನಿ” ಎಂದೆ. ರಾತ್ರಿ ಕುಳಿತು ಮತ್ತೆ ಓದಿದೆ.

ಮರುದಿನ ಮೂವರು ಮಕ್ಕಳನ್ನು ಮೂರು ಮೂಲೆಗೆ ನಿಲ್ಲಿಸಿ ಒಂದು, ಎರಡು, ಮೂರು ಎಂದು ಸರದಿಯಂತೆ ಚಪ್ಪಾಳೆ ಹೊಡೆಸಿದೆ. ಚಪ್ಪಾಳೆ ಸುತ್ತ ಒಂದು ದಿಕ್ಕಿಗೆ ತಿರುಗಿತು. ಇಬ್ಬರ ಜಾಗ ಅದಲು ಬದಲು ಮಾಡಿ ಅದೇ ಸರದಿಯಲ್ಲಿ ಹೊಡೆಸಿದೆ. ಈಗ ಚಪ್ಪಾಳೆ ಎದುರು ದಿಕ್ಕಿಗೆ ತಿರುಗಿತು. ಮೋಟರಿನಲ್ಲಿ ನಡೆಯುವುದೂ ಅದೇ. ಮೂರು ವಾಯರುಗಳಲ್ಲಿ ವಿದ್ಯುತ್ತು ಸರದಿಯಂತೆ ಏರಿಳಿಯುತ್ತದೆ, ಕಾಂತದ ಸೆಳೆತ ಸುತ್ತುತ್ತಾ ಹೋಗುತ್ತದೆ, ದಂಡ ಅದರ ಬೆನ್ನು ಹತ್ತುತ್ತದೆ. ಕಬ್ಬಿಗೆ ನೀರೆತ್ತುವ ತ್ರೀಫೇಸ್ ಪಂಪಿಗೂ ಬೆರಳುದ್ದದ ಈ ಮೋಟರಿಗೂ ನಿಯಮ ಒಂದೇ. ಹುಡುಗ ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ, “ಇದನ್ನ ಅಪ್ಪಗ ಹೇಳ್ತೀನ್ರಿ” ಎಂದ.

ಇನ್ನು ನನ್ನ ತಪ್ಪಿನ ಕಥೆ. ವಿಮಾನಕ್ಕೆ ತೂಕದ ಬಿಂದು ಅಂದರೆ ಗುರುತ್ವ ಕೇಂದ್ರ ಸರಿಯಾದ ಜಾಗದಲ್ಲಿರಬೇಕು. ನಮ್ಮ ರೆಕ್ಕೆಯ ಅಗಲ ಮುಂದಿನಿಂದ ಹಿಂದಕ್ಕೆ 20 ಸೆಂಟಿಮೀಟರ್. ಮುಂದಿನ ಅಂಚಿನಿಂದ ಐದಾರು ಸೆಂಟಿಮೀಟರ್ ಹಿಂದೆ ಎರಡು ಬೆರಳ ಮೇಲೆ ಎತ್ತಿ ಹಿಡಿದರೆ ವಿಮಾನ ತಕ್ಕಡಿಯಂತೆ ಸಮವಾಗಿ ನಿಲ್ಲಬೇಕು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಹಿಡಿದು ನೋಡಿ, “ಸರ್, ಬಾಲ ಕೆಳಗ ಜಗ್ಗಾಕತ್ತೈತ್ರಿ” ಎಂದಳು. ಹೊತ್ತು ಏರುತ್ತಿತ್ತು, ಗಾಳಿ ಹೆಚ್ಚುವ ಮೊದಲು ಹಾರಿಸಬೇಕೆಂಬ ಅವಸರ ನನಗೆ. “ಇರಲಿ ಬಿಡವಾ, ಇಷ್ಟು ನಡಿತೈತಿ” ಎಂದುಬಿಟ್ಟೆ.

ಹಾರಿಸುವ ನಿಯಮಗಳನ್ನೂ ನಕ್ಷೆಯನ್ನೂ ಮೊದಲೇ ನೋಡಿಕೊಂಡು, ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಮಕ್ಕಳನ್ನೆಲ್ಲ ನನ್ನ ಬೆನ್ನ ಹಿಂದೆ ನಿಲ್ಲಿಸಿ ಶಾಲೆಯ ಮೈದಾನದಿಂದ ಗಾಳಿಗೆ ಎದುರಾಗಿ ಎಸೆದೆವು. ವಿಮಾನ ಮೂಗೆತ್ತಿತು, ಇನ್ನೂ ಎತ್ತಿತು, ಆಕಾಶದಲ್ಲಿ ಒಂದು ಗಳಿಗೆ ನಿಂತಂತಾಗಿ, ಎಡಕ್ಕೆ ಮಗುಚಿ ಪಕ್ಕದ ಕಬ್ಬಿನ ಹೊಲಕ್ಕೆ ಬಿತ್ತು. ಬಾಲ ಭಾರವಾದ ಗಾಳಿಪಟಕ್ಕೆ ಸೂತ್ರ ತಪ್ಪಿದರೆ ಏನಾಗುತ್ತದೆಂದು ಈ ಊರಿನ ಎಲ್ಲ ಹುಡುಗರಿಗೂ ಗೊತ್ತು. ನನಗೂ ಗೊತ್ತಿತ್ತು. ಆ ಹುಡುಗಿ ಹೇಳಿಯೂ ಇದ್ದಳು.

ಆಳೆತ್ತರ ಮೀರಿದ ಕಬ್ಬು. ಹೊಲದ ಯಜಮಾನರ ಅಪ್ಪಣೆ ಕೇಳಿ ಒಳಗೆ ಹೋದರೆ ಏನೂ ಕಾಣದು. ಹೊರಗೆ ನಿಂತು ನಾನು ರಿಮೋಟಿನ ಕಡ್ಡಿ ಅಲುಗಾಡಿಸಿದೆ. ಎಲ್ಲರೂ ಉಸಿರು ಹಿಡಿದು ಕಿವಿಗೊಟ್ಟರು. ರವದಿಯ ನಡುವೆ ಎಲ್ಲೋ ಸರ್ವೋ ಗುರ್ ಗುರ್ ಎಂದಿತು. ಸದ್ದು ಹಿಡಿದು ಹುಡುಗರು ವಿಮಾನ ತಂದರು. ಪ್ರೊಪೆಲರ್ ಮುರಿದಿತ್ತು, ಮೂಗು ಸೀಳಿತ್ತು. ಅಲ್ಲಿಯೇ ಎಲ್ಲರೆದುರಿಗೆ ಆ ಹುಡುಗಿಗೆ ಹೇಳಿದೆ: “ತಪ್ಪು ನಂದು. ನೀನು ಸರಿ ಹೇಳಿದ್ದಿ.” ನನ್ನ ಕೆಲಸದಲ್ಲಿ ಬರೆದದ್ದು ತಪ್ಪಿದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಬಹುದು. ನೆಲಕ್ಕೆ ಆ ಗುಂಡಿ ಇಲ್ಲ.

ಮೂಗನ್ನು ಅಂಟಿಸಿ, ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪ್ರೊಪೆಲರ್ ಹಾಕಿ, ಬ್ಯಾಟರಿ ಮುಂದೆ ಕೂಡುವಂತೆ ಫೋಮನ್ನು ಎರಡು ಬೆರಳಷ್ಟು ಕೊರೆದೆವು. ಬೆರಳ ಮೇಲೆ ಹಿಡಿದು “ಈಗ ಸರಿ” ಎಂದು ಹೇಳುವ ಅಧಿಕಾರ ಆ ಹುಡುಗಿಗೇ ಕೊಟ್ಟೆ. ಅವಳು ಎರಡು ಸಲ ಬೇಡವೆಂದಳು, ಮೂರನೆಯ ಸಲ ಒಪ್ಪಿದಳು. ನಿನ್ನೆ ಮುಂಜಾನೆ ವಿಮಾನ ತೆಂಗಿನ ಮರದೆತ್ತರದಲ್ಲಿ ನಾಲ್ಕು ನಿಮಿಷ ಹಾರಿ ಮೈದಾನದ ಹುಲ್ಲಿನ ಮೇಲೆ ಇಳಿಯಿತು. ಕೂಗಾಟ ನೀವೂ ಕೇಳಿರಬೇಕು.

ಆ ಹಿಂದಿನ ಬೆಂಚಿನ ಹುಡುಗ ಈಗ ಹತ್ತನೆಯ ತರಗತಿ. ಮೊದಲ ದಿನ ನಾನು ಮುಂದೇನು ಎಂದು ಕೇಳಿದಾಗ, “ಸಾಲಿ ಸಾಕ್ರಿ, ಅಪ್ಪನ ಅಂಗಡ್ಯಾಗ ಕೂಡ್ತೀನ್ರಿ” ಎಂದಿದ್ದ. ಅಂಗಡಿಯ ಕೆಲಸ ಕಡಿಮೆಯದಲ್ಲ. ನಮ್ಮ ನೂರಾರು ಎಕರೆಯ ಕಬ್ಬು ಅಂಥ ಅಂಗಡಿಗಳ ಋಣದಲ್ಲಿ ಬೆಳೆಯುತ್ತದೆ. ಆದರೆ ಹೇಗೆ ಮಾಡುವುದೆಂದು ಅವನ ಮನೆಗೆ ಗೊತ್ತಿದೆ, ಯಾಕೆ ಎಂಬುದು ನಮ್ಮ ಪುಸ್ತಕದಲ್ಲಿದೆ. ಎರಡೂ ಒಂದೇ ಊರಿನಲ್ಲಿದ್ದು ಒಂದನ್ನೊಂದು ಮಾತಾಡಿಸಿಲ್ಲ. ನಾನು ಯಾಕೆ ಎಂಬುದನ್ನು ಬಾಯಿಪಾಠ ಮಾಡಿ ಪಾಸಾದೆ, ಅವನು ಹೇಗೆ ಎಂಬುದನ್ನು ಬಲ್ಲವನಾಗಿಯೂ ಹಿಂದಿನ ಬೆಂಚಿನಲ್ಲಿ ಕುಳಿತ. ಇಬ್ಬರಿಗೂ ನಷ್ಟವೇ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಪ್ರಯೋಗಾಲಯದಲ್ಲಿ ಒಂದು ಗಟ್ಟಿ ಮೇಜು, ಸ್ಕ್ರೂಡ್ರೈವರ್, ಪಕ್ಕಡ್, ಸೋಲ್ಡರಿಂಗ್ ಕಡ್ಡಿ, ಒಂದು ಮಲ್ಟಿಮೀಟರ್ ಇರುವಂತೆ ಮಾಡೋಣ. ವಾರಕ್ಕೊಂದು ಅವಧಿ ಮಕ್ಕಳು ಮನೆಯ ಕೆಲಸದಿಂದ ಒಂದು ಪ್ರಶ್ನೆ ತರಲಿ. ವಿಮಾನವನ್ನು ನಾನು ಇಲ್ಲಿಯೇ ಬಿಟ್ಟು ಹೋಗುತ್ತಿದ್ದೇನೆ. ಅದು ಮತ್ತೆ ಬೀಳುತ್ತದೆ. ನೀವೇ ಅಂಟಿಸಬೇಕು.

ನಿನ್ನೆ ಹಾರಾಟ ನೋಡಲು ಆ ಹುಡುಗನ ತಂದೆಯೂ ಬಂದಿದ್ದರು. ಮೋಟರನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. “ವೈಂಡಿಂಗ್ ಸಣ್ಣದೈತಿ, ಕೆಲಸ ಅದ” ಎಂದರು. ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: “ಇದನ್ನ ಕಲಿಯಾಕ ಹುಡುಗನ್ನ ಎಲ್ಲಿ ಹಚ್ಚಬೇಕ್ರಿ?”

ಐಟಿಐ ಇದೆ, ಡಿಪ್ಲೊಮಾ ಇದೆ, ಮುಂದೆ ಬಿ.ಇ. ಕೂಡ ಇದೆ ಎಂದು ಬರೆದು ಕೊಟ್ಟಿದ್ದೇನೆ. ಚೀಟಿಯನ್ನು ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೋದರು.