ಹಾಸ್ಟೆಲ್ ಊಟದಾಗ ಕಾರ್ಬ್ ಕಡಿಮೆ ಮಾಡೋದು ಹೆಂಗ?

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಕಾಲೇಜು ಹುಡುಗ್ರು ಕಾರ್ಬ್ ಕಡಿಮೆ ಮಾಡಬೇಕಂದ್ರ ಅನ್ನ ಬಿಟ್ಟು ರೊಟ್ಟಿ ಹಿಡೀತಾರ. ಆದರೆ 100 ಗ್ರಾಂ ಜೋಳದ ಹಿಟ್ಟಿನಲ್ಲೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಅನ್ನಕ್ಕಿಂತ ನಾರು ಹೆಚ್ಚು, ಅಷ್ಟೇ.

ಹಾಸ್ಟೆಲ್ ಮೆನು ಬದಲಿಸೋದು ನಮ್ಮ ಕೈಯಾಗಿಲ್ಲ, ಅಳತಿ ಬದಲಿಸಬಹುದು. ರೊಟ್ಟಿ ಒಂದೇ ಸಾಕು. ಕಾಳುಪಲ್ಯ ಎರಡು ಸೌಟು, ಹಸಿ ಮೆಂತ್ಯ, ಸೌತೆಕಾಯಿ, ಗಟ್ಟಿ ಮೊಸರು ಹಾಕ್ಕೊಳ್ರಿ. ಸಂಜೆ ಗಿರಮಿಟ್ ಬದಲು ಒಂದು ಹಿಡಿ ಹುರಿದ ಶೇಂಗಾ: 30 ಗ್ರಾಂನಲ್ಲಿ ಸುಮಾರು 7 ಗ್ರಾಂ ಪ್ರೋಟೀನ್, 5 ಗ್ರಾಂ ಕಾರ್ಬ್. ಅನ್ನ ತೆಗೆದು ಬ್ಯಾರೆ ಏನೂ ತಿನ್ನದಿದ್ರ, ರಾತ್ರಿ ಹಸಿವಿಗೆ ಬಿಸ್ಕಿಟ್ ಪಾಕೀಟು ಖಾಲಿ ಆಗ್ತದ.

ಸಕ್ಕರೆ ಕಾಯಿಲೆಗೆ ಗುಳಿಗೆ, ಇನ್ಸುಲಿನ್ ತಗೊಳ್ಳೋರು ಮಾತ್ರ ಡಾಕ್ಟರನ್ನ ಕೇಳದೆ ಹಿಂಗ ಮಾಡಬ್ಯಾಡ್ರಿ. ಶುಗರ್ ಒಮ್ಮೆಲೇ ಇಳಿದು ಅಪಾಯ ಆಗಬಹುದು.