ಗಂಧದ ಬಾಗಿಲು, ಕಡತದ ಓಣಿ

ವಿಧಾನಸೌಧವನ್ನು ಚಿತ್ರದಲ್ಲಾದರೂ ನೋಡದ ಕನ್ನಡಿಗರು ಸಿಗುವುದು ಕಷ್ಟ. ಆದರೆ ಇಲ್ಲಿ ಸೇರಿರುವ ನಿಮ್ಮಲ್ಲಿ ಎಷ್ಟು ಮಂದಿ ಅದರ ಒಳಗೆ ಹೋಗಿದ್ದೀರಿ? ಹೋದವರೂ ವರ್ಗಾವಣೆಗೋ, ಪಿಂಚಣಿಗೋ ಹೋಗಿರುತ್ತಾರೆ. ಅರ್ಜಿ ಹಿಡಿದವನ ಕಣ್ಣು ಕೊಠಡಿಯ ಸಂಖ್ಯೆಯನ್ನು ಹುಡುಕುತ್ತದೆಯೇ ಹೊರತು ಕಂಬದ ಕೆತ್ತನೆಯನ್ನಲ್ಲ.

1951ರ ಜುಲೈ 13ರಂದು ನೆಹರೂ ಶಂಕುಸ್ಥಾಪನೆ ಮಾಡಿದಾಗ ಯೋಚಿಸಿದ್ದ ಕಟ್ಟಡ ಸರಳವಾದದ್ದು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಎದುರಿಗೇ 1868ರ ಕೆಂಪು ಅಠಾರಾ ಕಚೇರಿ. ಬ್ರಿಟಿಷರ ಕಾಲದ ಕಂಬಗಳ ಸಾಲು. ಅದರ ಮುಂದೆ ಪ್ರಜಾಸರ್ಕಾರದ ಮನೆ ಕುಗ್ಗಿ ನಿಲ್ಲಬಾರದೆಂಬುದು ಅವರ ಹಟ. ನಕ್ಷೆ ಬದಲಾಯಿತು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅವರ ಕೈಯಲ್ಲಿ ದ್ರಾವಿಡ ಶೈಲಿಯ ಗೋಪುರ, ಬೋದಿಗೆ, ಕಪೋತಗಳು ಕಚೇರಿಯ ಗೋಡೆಗೆ ಬಂದವು.

ಕಲ್ಲು ದೂರದ್ದಲ್ಲ. ಮಲ್ಲಸಂದ್ರ, ಹೆಸರಘಟ್ಟದ ಬೂದುಕಲ್ಲು. ಅಲಂಕಾರಕ್ಕೆ ಮಾಗಡಿಯ ನಸುಗೆಂಪು, ತುರುವೇಕೆರೆಯ ಕಪ್ಪು. ಸುಮಾರು 1,500 ಕಲ್ಲುಕುಟಿಗರು, ಬಡಗಿಗಳು ದುಡಿದರು. ಕೂಲಿಯಾಳುಗಳು 5,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜೈಲಿನ ಕೈದಿಗಳು. ಶಾಸನ ರೂಪಿಸುವ ಮನೆಯ ಕಲ್ಲು ಹೊತ್ತವರು ಶಾಸನ ಮುರಿದು ಶಿಕ್ಷೆಗೊಳಗಾದವರು! ಮುಂಭಾಗದ ಹನ್ನೆರಡು ಕಂಬಗಳ ಕೆಳಗೆ ನಿಂತಾಗ ಈ ಮಾತು ನೆನಪಿರಲಿ.

ಒಳಗೆ ನೋಡಲೇಬೇಕಾದದ್ದು ಸಚಿವ ಸಂಪುಟದ ಸಭಾಂಗಣದ ಬಾಗಿಲು. ಇಡೀ ಬಾಗಿಲು ಶ್ರೀಗಂಧದ್ದು, ಕುಸುರಿ ಕೆತ್ತನೆಯದು. ಗಂಧದ ಮರ ರೈತನ ಹಿತ್ತಲಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತಾಗಿದ್ದ ಕಾಲವದು. ಆ ಕಾನೂನು ಬದಲಾದದ್ದು 2001ರಲ್ಲಿ. ಹೀಗಾಗಿ ಬಡವನ ಮನೆಗೆ ಒಂದು ತುಂಡೂ ಸಿಗದ ಮರ ಇಲ್ಲಿ ಬಾಗಿಲಾಗಿ ನಿಂತಿತು. ವೆಚ್ಚ ಒಂದೂಮುಕ್ಕಾಲು ಕೋಟಿ ರೂಪಾಯಿ ಮುಟ್ಟಿದಾಗ ಗದ್ದಲವಾಯಿತು, ವಿಚಾರಣೆಯೂ ನಡೆಯಿತು. ಕಟ್ಟಡ ಮುಗಿದ 1956ರಲ್ಲೇ ಹನುಮಂತಯ್ಯ ಅಧಿಕಾರ ಕಳೆದುಕೊಂಡರು. ಕಟ್ಟಿಸಿದವರು ಅಲ್ಲಿ ಕುಳಿತು ಆಳಲಿಲ್ಲ.

ಇನ್ನು ದಿನನಿತ್ಯದ ನೋಟ. ತೆರೆದ ಒಳಅಂಗಳದ ಬೆಳಕು ಬೀಳುವ ಉದ್ದನೆಯ ಓಣಿಗಳು. ಗೋಡೆಗೆ ಒರಗಿದ ಬೀರುಗಳು, ಕೆಂಪು ದಾರ ಕಟ್ಟಿದ ಕಡತಗಳು, ಟಪಾಲು ಹೊತ್ತ ದಲಾಯತರು. ಸಾಹೇಬರ ಕೊಠಡಿಯ ಹೊರಗೆ ಹಳ್ಳಿಯಿಂದ ಬಂದ ಮುದುಕರೊಬ್ಬರು ಚಪ್ಪಲಿ ಕಳಚಿಟ್ಟು ಕಾಯುವುದುಂಟು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಹೊರಗಿನ ಕಲ್ಲಿನಲ್ಲಿ ಕೆತ್ತಿದ್ದಾರೆ. ಅದನ್ನು ಹೆಚ್ಚು ನಂಬಿರುವವರು ಒಳಗೆ ಕೂತವರಿಗಿಂತ ಹೀಗೆ ಹೊರಗೆ ಕಾಯುವವರೇ ಇರಬೇಕು.

ಇದೇ ಸೌಧದಲ್ಲಿ ಬೇರೊಂದು ಬಾಗಿಲಿನ ಕತೆಯೂ ಇದೆ. ಮುಖ್ಯಮಂತ್ರಿಗಳ ಕೊಠಡಿಯ ಒಂದು ಬಾಗಿಲು ವಾಸ್ತುವಿನ ನೆಪದಲ್ಲಿ ವರ್ಷಗಟ್ಟಲೆ ಮುಚ್ಚಿತ್ತು. 2023ರಲ್ಲಿ ಸಿದ್ದರಾಮಯ್ಯ ಅದನ್ನು ತೆರೆಸಿ, ಅದರ ಮೂಲಕವೇ ಒಳಗೆ ನಡೆದರು. ಎಲ್ಲ ಕಾಲದ ಕೆತ್ತನೆಗಿಂತ ಈ ಸಾದಾ ಬಾಗಿಲಿನ ಸುದ್ದಿಯೇ ಹೆಚ್ಚು ಪ್ರಚಾರ ಪಡೆಯಿತು.

2025ರ ಜೂನ್‌ನಿಂದ ರಜಾದಿನಗಳಲ್ಲಿ ಶುಲ್ಕ ಪಡೆದು, ಮಾರ್ಗದರ್ಶಿಯ ಜತೆ ಸಾರ್ವಜನಿಕರಿಗೆ ಸೌಧವನ್ನು ತೋರಿಸುವ ಏರ್ಪಾಡಾಗಿದೆ. ಒಳ್ಳೆಯದೇ, ಹೋಗಿ ಬನ್ನಿ. ಆದರೆ ರಜೆಯಲ್ಲಿ ಓಣಿಗಳು ಖಾಲಿ. ಕಡತಗಳೂ ಇಲ್ಲ, ಕಾಯುವವರೂ ಇಲ್ಲ. ಭಾನುವಾರ ಟಿಕೆಟ್ ಕೊಂಡು ಕಂಬ ನೋಡಿದ ಮನುಷ್ಯನೇ ಸೋಮವಾರ ಅರ್ಜಿ ಹಿಡಿದು ಬಂದರೆ, ಪಾಸಿಗಾಗಿ ಸರದಿಯಲ್ಲಿ ನಿಲ್ಲಬೇಕು.